ದೇವಿ ಹಾಕುವವನು ಕಂಡದ್ದೂ ಹೇಳದ್ದೂ

ಅಂಕೋಲೆಯ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಈಗಲೂ ನನಗೊಂದು ಕೆಟ್ಟ ಚಟ. ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ರಟ್ಟೆ ನೋಡುತ್ತೇನೆ. ನನ್ನ ಹೆಂಡತಿ ಬಯ್ಯುತ್ತಾಳೆ, ‘ಮುದುಕರಾದ್ರೂ ಬುದ್ಧಿ ಬರಲಿಲ್ಲ, ಮಂದಿ ಎಂತಾ ತಿಳ್ಕಂಡಾರು?’ ಎಂದು. ಮಂದಿ ಏನಾದರೂ ತಿಳಿದುಕೊಳ್ಳಲಿ. ಆ ರಟ್ಟೆಯ ಮೇಲೆ ನಾಲ್ಕು ಬಿಳಿಯ ಕಲೆಗಳು ಎರಡೆರಡರ ಸಾಲಿನಲ್ಲಿ ಸರಿಯಾಗಿ ಕೂತಿದ್ದರೆ ಅದು ನನ್ನ ಕೈಕೆಲಸ. ಬೇರೆಯವರು ಹಾಕಿದ್ದು ಅಡ್ಡಾದಿಡ್ಡಿ ಇರುತ್ತದೆ. ಹೀಗೆ ಹೇಳಿದರೆ ಜಂಭ ಎನ್ನುತ್ತಾರೆ. ಹೌದು ಮಾರಾಯರೆ, ಜಂಭವೇ. ಕಾಲು ಸವೆಸಿ ಗಳಿಸಿದ ಜಂಭ.

ನಾನು ದೇವಿ ಹಾಕುವವನಾಗಿದ್ದೆ. ನಮ್ಮ ಕಡೆ ಸಿಡುಬಿಗೆ ದೇವಿ ಎನ್ನುತ್ತಾರೆ, ಅದು ಬಾರದ ಹಾಗೆ ಮಕ್ಕಳ ತೋಳಿಗೆ ಲಸಿಕೆ ಹಾಕುವುದಕ್ಕೆ ದೇವಿ ಹಾಕುವುದು ಎನ್ನುತ್ತಾರೆ. ಮನೆ ಕಾರವಾರದಲ್ಲಿ, ಕೆಲಸ ಕಾರವಾರ ಮತ್ತು ಅಂಕೋಲೆಯ ಹಳ್ಳಿಗಳಲ್ಲಿ. ಜನ ‘ಡಾಕ್ಟ್ರೇ’ ಎಂದು ಕರೆಯುತ್ತಿದ್ದರು. ನಾನು ಡಾಕ್ಟರನಲ್ಲ ಎಂದು ಮೊದಲ ವರ್ಷ ಎಲ್ಲರಿಗೂ ಹೇಳಿದೆ, ಎರಡನೆಯ ವರ್ಷ ಸುಮ್ಮನಾದೆ.

ಈಗ ಈ ಕೆಲಸಕ್ಕೆ ಸೇರಿದ ಹುಡುಗರು ಒಮ್ಮೊಮ್ಮೆ ನನ್ನಲ್ಲಿಗೆ ಬಂದು, ‘ಹಳ್ಳಿಯವರು ಬಾಗಿಲೇ ತೆಗೆಯುವುದಿಲ್ಲ, ನೀವು ಹೇಗೆ ಮಾಡಿದಿರಿ?’ ಎಂದು ಕೇಳುತ್ತಾರೆ. ಬಾಗಿಲು ತೆಗೆಸುವುದು ದೊಡ್ಡದಲ್ಲ. ಒಳಗೆ ಹೋದ ಮೇಲೆ ಕಣ್ಣು, ಬಾಯಿ ಎಲ್ಲಿಡಬೇಕು ಎಂಬುದು ದೊಡ್ಡದು. ಅದನ್ನು ನನಗೆ ಯಾರೂ ಕಲಿಸಲಿಲ್ಲ. ತಪ್ಪು ಮಾಡಿ, ಬೈಸಿಕೊಂಡು ಕಲಿತೆ. ಅದನ್ನಷ್ಟು ಬರೆದಿಡುತ್ತೇನೆ. ಬಡ್ತಿಯ ಕಥೆ ಬೇಕಾದವರು ಬಡ್ತಿ ಸಿಕ್ಕವರನ್ನು ಕೇಳಲಿ.

ನನ್ನ ಹಿಂದಿನವರ ಕಾಲದಲ್ಲಿ ಒಂದು ಮಗುವಿನ ತೋಳಿನ ಕೀವು ತೆಗೆದು ಇನ್ನೊಂದು ಮಗುವಿಗೆ ಹಾಕುತ್ತಿದ್ದರಂತೆ. ನಾನು ಸೇರುವಷ್ಟರಲ್ಲಿ ಗಾಜಿನ ಸಣ್ಣ ನಳಿಗೆಗಳಲ್ಲಿ ಲಸಿಕೆ ಬರುತ್ತಿತ್ತು. ಬಿಸಿಲು ತಗುಲಿದರೆ ಅದು ಕೆಡುತ್ತದೆ. ಹಾಗಾಗಿ ಪುಟ್ಟ ಮಣ್ಣಿನ ಮಡಕೆಯಲ್ಲಿ ಒದ್ದೆ ಬಟ್ಟೆ ಸುತ್ತಿ, ಮಡಕೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ನಡೆಯುತ್ತಿದ್ದೆ. ತೋಳು ತೊಳೆಯುವುದು, ಲಸಿಕೆಯ ನಾಲ್ಕು ಹನಿ ಬಿಡುವುದು, ಹಲ್ಲುಚಕ್ರದ ಸಣ್ಣ ಸಲಕರಣೆಯನ್ನು ದೀಪಕ್ಕೆ ಹಿಡಿದು ಕಾಯಿಸಿ, ಆರಿಸಿ ಹನಿಯ ಮೇಲೆ ತಿರುಗಿಸುವುದು. ಇಷ್ಟೇ ಕೆಲಸ. ಎಂಟನೆಯ ದಿನ ಮತ್ತೆ ಹೋಗಿ ಗುಳ್ಳೆ ಸರಿಯಾಗಿ ಎದ್ದಿದೆಯೋ ನೋಡಬೇಕು.

ಈ ಎಂಟನೆಯ ದಿನದ ಬೆಲೆ ನನಗೆ ಗೊತ್ತಾದದ್ದು ಹಣಕೋಣದಲ್ಲಿ. ಕಾಳಿ ನದಿ ದಾಟಿ ಹೋಗಿ ಒಂದು ಮನೆಯ ಹೆಣ್ಣುಮಗುವಿಗೆ ದೇವಿ ಹಾಕಿ ಬಂದಿದ್ದೆ. ಎಂಟನೆಯ ದಿನಕ್ಕೆ ನನ್ನ ತಂಗಿಯ ಮದುವೆ ಬಿತ್ತು. ಒಂದು ಮನೆ ತಾನೆ, ನಾಲ್ಕು ದಿನ ತಡವಾದರೆ ಏನು ಮಹಾ ಎಂದುಕೊಂಡೆ. ಹನ್ನೆರಡನೆಯ ದಿನ ಹೋದರೆ ಆ ಮನೆಯ ಅಜ್ಜಿ ಜಗಲಿಯ ಮೇಲೆ ಕೂತು ನನ್ನನ್ನು ಸುಡುವ ಹಾಗೆ ನೋಡಿದಳು.

‘ಹನ್ನೆರಡು ದಿನ ಆಯ್ತು. ಒಗ್ಗರಣೆ ಇಲ್ಲ, ಮೀನಿಲ್ಲ, ಮಗೂಗೆ ಸ್ನಾನ ಇಲ್ಲ. ನಮ್ಮನೆ ಗಂಡಸ್ರು ಗಂಜಿ ಉಂಡು ಉಂಡು ಸೊರಗಿ ಹೋದ್ರು. ನೀವು ಬಂದು ಕೈ ನೋಡೂವರೆಗೆ ದೇವೀನ ಕಳ್ಸೂದು ಹೆಂಗೆ?’

ಅವರ ಲೆಕ್ಕದಲ್ಲಿ ನಾನು ಲಸಿಕೆ ಹಾಕಿದ ದಿನವೇ ದೇವಿ ಮನೆಗೆ ಬಂದಿದ್ದಳು. ಬಂದವಳನ್ನು ಕರೆತಂದವನೇ ನೋಡಿ ‘ಆಯ್ತು’ ಎನ್ನಬೇಕು, ಆಮೇಲೆ ಮಗುವಿಗೆ ನೀರು ಹಾಕಿ ಅವಳನ್ನು ಕಳಿಸಬೇಕು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಕೈ ನೋಡಿ ‘ಆಯ್ತು ಅಜ್ಜೀ’ ಎಂದೆ. ‘ದೇವ್ ಬರೇಂ ಕರೂಂ’ ಎಂದು ಅವಳು ಕೊಂಕಣಿಯಲ್ಲಿ ಹರಸಿ, ಅದೇ ಉಸಿರಿನಲ್ಲಿ ಸೊಸೆಗೆ ಮೀನು ಕೊಯ್ಯಲು ಕೂಗಿದಳು. ಆಮೇಲೆ ಮಳೆ ಬರಲಿ, ದೋಣಿ ತಪ್ಪಲಿ, ಎಂಟನೆಯ ದಿನ ನಾನು ತಪ್ಪಿಸಲಿಲ್ಲ.

ಬರುವುದನ್ನು ಹೀಗೆ ಕಲಿತೆ. ಬಾಯಿ ಮುಚ್ಚುವುದನ್ನು ಶೆಟಗೇರಿಯಲ್ಲಿ ಕಲಿತೆ. ಆಗ ನನ್ನ ನೆನಪಿನ ಬಗ್ಗೆಯೂ ನನ್ನ ಪುಸ್ತಕದ ಬಗ್ಗೆಯೂ ನನಗೆ ಬಲು ಹೆಮ್ಮೆ. ಯಾವ ಊರಿನ ಯಾವ ಮಗುವಿಗೆ ಯಾವ ವರ್ಷ ದೇವಿ ಹಾಕಿದ್ದು ಎಂಬುದೆಲ್ಲ ಅದರಲ್ಲಿತ್ತು, ನನ್ನ ಹಿಂದಿನವರು ಬರೆದಿಟ್ಟ ಹಳೆಯ ಪುಸ್ತಕಗಳೂ ನನ್ನ ಹತ್ತಿರವೇ ಇದ್ದವು. ಒಂದು ದಿನ ಶೆಟಗೇರಿಯ ದಾರಿಯಲ್ಲಿ ಬೇರೆ ಊರಿನ ಒಬ್ಬ ಸಂಭಾವಿತರು ಸಿಕ್ಕಿ, ತಮ್ಮ ಸೋದರಳಿಯನಿಗೆ ಅಲ್ಲಿಯ ಒಂದು ಮನೆಯ ಹುಡುಗಿಯನ್ನು ನೋಡಿದ್ದಾಗಿ ಹೇಳಿದರು. ಮಾತಿಗೆ ಮಾತು ಬಂದು, ‘ಆ ಹುಡುಗಿಗೆ ದೇವಿ ಹಾಕಿದ್ದು ಯಾವ ವರ್ಷವೋ ನಿಮಗೂ ಗೊತ್ತಿರಲಿಕ್ಕಿಲ್ಲ ಬಿಡಿ’ ಎಂದರು. ನನಗೆ ಗೊತ್ತಿಲ್ಲವೆ? ಎರಡು ದಿನದಲ್ಲಿ ಹಳೆಯ ಪುಸ್ತಕ ತೆಗೆದು ವರ್ಷ ಹೇಳಿಬಿಟ್ಟೆ. ಆಗಿನ ಅವಳ ವಯಸ್ಸೂ ಅದರಲ್ಲಿತ್ತು. ಲೆಕ್ಕ ಹಾಕಿದರೆ ಮನೆಯವರು ಹೇಳಿದ್ದಕ್ಕಿಂತ ಹುಡುಗಿ ಮೂರು ವರ್ಷ ದೊಡ್ಡವಳು ಎಂದಾಯಿತು. ಸಂಬಂಧ ಮುರಿಯಿತು.

ಹುಡುಗಿಯ ಅಪ್ಪ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿ ಹೇಳಿದ:

‘ನೀವು ಸುಳ್ಳು ಹೇಳ್ಲಿಲ್ಲ, ಖರೆ. ಆದ್ರೆ ಡಾಕ್ಟ್ರೇ, ಮಗಳ ಕೈ ನಿಮ್ಮ ಕೈಲಿ ಕೊಟ್ಟದ್ದು ದೇವಿ ಹಾಕೂಕೆ. ಊರ ಪಂಚಾಯ್ತಿಕೆ ಮಾಡೂಕಲ್ಲ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಹುಡುಗಿ ಒಳಗೆ ಬಾಗಿಲ ಹಿಂದೆ ನಿಂತು ಅಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಎರಡು ವರ್ಷದ ಮೇಲೆ ಒಳ್ಳೆಯ ಮನೆಗೇ ಸೇರಿದಳು, ಆದರೆ ಅದರಿಂದ ನನ್ನ ತಪ್ಪು ಸರಿಯಾಗಲಿಲ್ಲ. ಅಂದಿನಿಂದ ಒಂದು ನೇಮ ಮಾಡಿಕೊಂಡೆ: ಒಂದು ಮನೆಯಲ್ಲಿ ಕಂಡದ್ದು, ಕೇಳಿದ್ದು ಇನ್ನೊಂದು ಮನೆಯ ಮೆಟ್ಟಿಲು ಹತ್ತಬಾರದು. ಒಳ್ಳೆಯದೂ ಅಷ್ಟೇ, ಕೆಟ್ಟದ್ದೂ ಅಷ್ಟೇ.

ಈ ನೇಮದ ಪರೀಕ್ಷೆ ಬೆಳಂಬಾರದಲ್ಲಿ ಆಯಿತು.

ಕರನಿರಾಕರಣೆಯ ದಿನಗಳು. ಅಂಕೋಲೆಯ ಹಳ್ಳಿಗಳಲ್ಲಿ ರೈತರು ಸರಕಾರಕ್ಕೆ ತೀರ್ವೆ ಕೊಡುವುದಿಲ್ಲ ಎಂದು ಕೂತಿದ್ದರು. ಗಂಡಸರು ಜೈಲಿಗೆ ಹೋಗುತ್ತಿದ್ದರು, ಮನೆಯ ಪಾತ್ರೆ, ದನಕರು ಜಪ್ತಿಯಾಗುತ್ತಿದ್ದವು. ಸರಕಾರಿ ನೌಕರನಿಗೆ ಊರಲ್ಲಿ ಬೆಂಕಿಯಿಲ್ಲ, ನೀರಿಲ್ಲ ಎಂಬ ಬಹಿಷ್ಕಾರ. ಆದರೆ ನನ್ನನ್ನು ಮಾತ್ರ ಒಳಗೆ ಬಿಡುತ್ತಿದ್ದರು, ಮಕ್ಕಳ ಕೈ ನೋಡುವವನು ಎಂದು. ಅತ್ತ ದರಿ, ಇತ್ತ ಪುಲಿ ಎಂಬಂತಿತ್ತು ನನ್ನ ನಡಿಗೆ. ಒಮ್ಮೆ ಚಳವಳಿಯ ಇಬ್ಬರು ತರುಣರು ದಾರಿಯಲ್ಲಿ ತಡೆದು ನನ್ನ ಪೆಟ್ಟಿಗೆಯಲ್ಲಿ ಕರಪತ್ರ ಸಾಗಿಸಬೇಕೆಂದು ಕೇಳಿದರು. ಪೆಟ್ಟಿಗೆಯಲ್ಲಿ ಲಸಿಕೆ ಬಿಟ್ಟು ಮತ್ತೇನೂ ಇರುವುದಿಲ್ಲ ಎಂದೆ. ‘ಹೆದರುಪುಕ್ಕ’ ಎಂದು ಉಗಿದು ಹೋದರು. ಹೆದರಿಕೆ ಇತ್ತು, ಸುಳ್ಳೇಕೆ ಹೇಳಲಿ? ಆದರೆ ಆ ಪೆಟ್ಟಿಗೆ ಒಮ್ಮೆ ಒಂದು ಪಕ್ಷದ್ದಾದರೆ ಇನ್ನೊಂದು ಪಕ್ಷದ ಮಕ್ಕಳು ಎಲ್ಲಿಗೆ ಹೋಗಬೇಕು?

ಬೆಳಂಬಾರದಲ್ಲಿ ಬೀರಮ್ಮ ಎಂಬ ಹೆಂಗಸಿನ ಮಗ ಜೈಲಿನಲ್ಲಿದ್ದ. ಮನೆಯಲ್ಲಿ ಬೀರಮ್ಮ, ಸೊಸೆ, ಐದು ತಿಂಗಳ ಮೊಮ್ಮಗ. ಮೊಮ್ಮಗನಿಗೆ ದೇವಿ ಹಾಕಿ ಹಿತ್ತಲಿಗೆ ಕೈ ತೊಳೆಯಲು ಹೋದೆ. ಅಲ್ಲಿ ಹುಲ್ಲಿನ ಕುತ್ರಿಯೊಳಗಿಂದ ತಾಮ್ರದ ಹಂಡೆಯ ಅಂಚು ಬಿಸಿಲಿಗೆ ಹೊಳೆಯಿತು. ಜಪ್ತಿಗೆ ಸಿಗದಿರಲಿ ಎಂದು ಬಣವೆಯಲ್ಲಿ ಹೂತಿಟ್ಟದ್ದು. ತಿರುಗಿದರೆ ಬೀರಮ್ಮ ನಿಂತಿದ್ದಳು. ನಾನು ನೋಡಿದ್ದನ್ನು ಅವಳು ನೋಡಿದ್ದಳು.

‘ಅತ್ತೆ ಕಾಲದ್ದು ಡಾಕ್ಟ್ರೇ. ಬಾಣಂತಿಗೆ ನೀರು ಕಾಯ್ಸೂಕೆ ಅದೊಂದೇ ಇರೂದು’ ಎಂದಳು.

‘ನಾನು ನೋಡೂದು ಕೈ ಮಾತ್ರ ಅಮ್ಮಾ’ ಎಂದು ಪೆಟ್ಟಿಗೆ ಎತ್ತಿಕೊಂಡೆ.

ಮಾರನೆಯ ದಿನ ಅಂಕೋಲೆಯಲ್ಲಿ ಒಬ್ಬ ಅಧಿಕಾರಿ ನನ್ನನ್ನು ಕರೆಸಿದರು. ಹೆಸರು ಬೇಡ, ಅವರೂ ಈಗ ಇಲ್ಲ. ಕೂರಲು ಹೇಳಿದಾಗಲೇ ನನಗೆ ಅನುಮಾನ ಬಂತು, ನನ್ನಂಥವನಿಗೆ ಆ ಕಚೇರಿಯಲ್ಲಿ ಯಾರೂ ಕುರ್ಚಿ ಕೊಟ್ಟವರಲ್ಲ.

‘ನೀನು ಎಲ್ಲರ ಹಿತ್ತಲವರೆಗೂ ಹೋಗುತ್ತೀಯಂತೆ. ಯಾರು ಎಲ್ಲೆಲ್ಲಿ ಏನೇನು ಬಚ್ಚಿಟ್ಟಿದ್ದಾರೆ, ಒಂದು ಚೀಟಿಯಲ್ಲಿ ಬರೆದು ಕೊಡು.’

‘ಸಾಹೇಬರೇ, ನನ್ನ ಪುಸ್ತಕದಲ್ಲಿ ಮಕ್ಕಳ ಕೈಗಳ ಹೊರತು ಬೇರೇನೂ ಬರೆಯುವುದಿಲ್ಲ.’

‘ಯಾರ ಅನ್ನ ತಿನ್ನುತ್ತೀಯ ನೀನು?’

‘ಸರಕಾರದ್ದೇ. ಸರಕಾರವೇ ನನಗೆ ದೇವಿ ಹಾಕಲು ಹೇಳಿದೆ. ಇದನ್ನು ಬರೆದುಕೊಟ್ಟರೆ ನಾಳೆಯಿಂದ ಒಬ್ಬ ತಾಯಿಯೂ ಮಗುವನ್ನು ಹೊರಗೆ ತರುವುದಿಲ್ಲ. ಆ ಕೆಲಸ ಕೆಡುತ್ತದೆ.’

ಅವರು ಕಾರವಾರಕ್ಕೆ ನನ್ನ ಮೇಲೆ ದೂರು ಬರೆದರು. ಕಾರವಾರದಲ್ಲಿ ನನ್ನ ಮೇಲಿನ ಇನ್ಸ್‌ಪೆಕ್ಟರು ಬಹಳ ಬಿರುಸಿನ ಮನುಷ್ಯ, ಮಕ್ಕಳ ತೋಳಿನ ಕಲೆಯನ್ನು ಹೆಬ್ಬೆರಳಿನಿಂದ ತೀಡಿ ನೋಡದೆ ಯಾರ ಪುಸ್ತಕವನ್ನೂ ನಂಬುತ್ತಿರಲಿಲ್ಲ. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ‘ಬರೋಬರ್’ ಎಂದರು. ‘ಉತ್ತರ ನಾನು ಬರೆಯುತ್ತೇನೆ. ಆದರೆ ನಿನ್ನ ಮೇಲೆ ಬಿದ್ದ ಶೆರಾ ಅಳಿಸುವ ಶಕ್ತಿ ನನಗಿಲ್ಲ, ತಿಳಿದಿರಲಿ.’ ಆ ಕೆಟ್ಟ ಟಿಪ್ಪಣಿ, ಆ ಶೆರಾ, ನಿವೃತ್ತಿಯ ತನಕ ನನ್ನ ಕಾಗದಪತ್ರದಲ್ಲಿತ್ತು. ಇರಲಿ.

ಇಷ್ಟರಲ್ಲಿ ಬೆಳಂಬಾರದಲ್ಲಿ ನಡೆಯಬಾರದ್ದು ನಡೆಯಿತು. ಜಪ್ತಿಯವರು ಬಂದವರು ಅತ್ತಿತ್ತ ಹುಡುಕದೆ ನೇರವಾಗಿ ಬೀರಮ್ಮನ ಕುತ್ರಿಗೇ ಹೋಗಿ ಹಂಡೆ ಎಳೆದರು. ನನಗೆ ಇದು ಗೊತ್ತಿರಲಿಲ್ಲ. ಎಂಟನೆಯ ದಿನ ಎಂದಿನಂತೆ ಹೋದರೆ ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಬೀರಮ್ಮ ಮಾತ್ರ ಬೇಲಿಯ ದಣಪೆಗೆ ಅಡ್ಡ ನಿಂತಳು.

‘ಕುತ್ರಿ ತೋರ್ಸಿದ ಕೈ ನನ್ನ ಮೊಮ್ಮಗನ್ನ ಮುಟ್ಟೂದು ಬ್ಯಾಡ. ಹೋಗಿ.’

‘ಅಮ್ಮಾ, ನಾನಲ್ಲ’ ಎಂದೆ.

‘ಮತ್ತ್ಯಾರು? ನೋಡಿದ್ದು ನೀವೊಬ್ರೇ ಅಲ್ದಾ?’

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಮಾನದಿಂದ ಕಿವಿ ಬಿಸಿಯಾಗಿ, ಅಂಕೋಲೆಯವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಅಲ್ಲಿ ಕಚೇರಿಯ ಪಟ್ಟೇವಾಲಾ ನನ್ನ ಮುಖ ನೋಡಿ ಮರುಗಿ, ಹತ್ತಿರ ಬಂದು ಪಿಸುಗುಟ್ಟಿದ: ‘ಹೇಳ್ದವ ಬೀರಮ್ಮನ ಪಕ್ಕದ ಮನೆ ತಿಮ್ಮಣ್ಣ. ಜೈಲಿಗೆ ಹಾಕ್ತೆ ಅಂತ ಸಾಹೇಬ್ರು ಹೆದರ್ಸಿದ್ರು. ನೀವು ಹೋಗಿ ಊರಲ್ಲಿ ಹೇಳಿ, ನಿಮ್ಮ ಹೆಸ್ರಾದ್ರೂ ಉಳೀಲಿ.’

ಹೇಳಿಯೇ ಬಿಡುತ್ತೇನೆ ಎಂದು ಮರುದಿನ ಬೆಳಿಗ್ಗೆ ಸಿಟ್ಟಿನಿಂದಲೇ ಹೊರಟೆ. ದಾರಿಯುದ್ದಕ್ಕೂ ಏನು ಮಾತಾಡಬೇಕೆಂದು ಜೋಡಿಸಿಕೊಂಡೆ. ಆದರೆ ತಿಮ್ಮಣ್ಣನ ಹೆಸರು ಹೇಳಿದರೆ ಅವನ ಮನೆಗೆ ಊರಲ್ಲಿ ಬೆಂಕಿ, ನೀರು ನಿಲ್ಲುತ್ತದೆ. ಅವನಿಗೆ ಮೂರು ಸಣ್ಣ ಮಕ್ಕಳು, ಮೂರಕ್ಕೂ ಇನ್ನೂ ದೇವಿ ಹಾಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಒಬ್ಬರ ಮನೆಯ ಗುಟ್ಟನ್ನು ಇನ್ನೊಬ್ಬರ ಅಂಗಳದಲ್ಲಿ ಕೊಡವುವವನು ಎಂದು ನನ್ನ ಮೇಲೆ ಬಂದ ಮಾತನ್ನು ನಾನೇ ನಿಜ ಮಾಡಿದಂತಾಗುತ್ತದೆ. ಊರು ಹತ್ತಿರ ಬಂದ ಹಾಗೆ ನನ್ನ ನಡಿಗೆ ನಿಧಾನವಾಯಿತು. ಬೇರೆ ಕಡೆಯಿಂದ ಬರುತ್ತಿದ್ದ ಸುದ್ದಿಯೂ ಚೆನ್ನಾಗಿರಲಿಲ್ಲ. ಗಂಗಾವಳಿ ನದಿಯ ಆಚೆ ಸಿಡುಬು ಕಾಣಿಸಿಕೊಂಡಿತ್ತು. ಬೆಳಂಬಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಇನ್ನೂ ದೇವಿ ಹಾಕಿಸಿಕೊಳ್ಳದೆ ಬರಿಗೈಯಲ್ಲಿದ್ದವು.

ಊರ ಬಾವಿಯ ಹತ್ತಿರ ಒಂದು ಹೊನ್ನೆ ಮರವಿತ್ತು. ಯಾರ ಅಂಗಳಕ್ಕೂ ಕಾಲಿಡದೆ ಅದರ ಬುಡದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಯಾರನ್ನೂ ಕರೆಯಲಿಲ್ಲ, ಯಾರ ಹತ್ತಿರವೂ ನನ್ನ ಪರವಾಗಿ ವಾದಿಸಲಿಲ್ಲ. ಮಧ್ಯಾಹ್ನ ಎದ್ದು ಹೋದೆ. ಮರುದಿನ ಅದೇ ಹೊತ್ತಿಗೆ ಬಂದೆ. ಬಾವಿಯ ನೀರು ನನಗೆ ಸಿಗದು, ಮಡಕೆಯ ಬಟ್ಟೆ ಒದ್ದೆ ಮಾಡಲು ಅಂಕೋಲೆಯಿಂದಲೇ ಶೀಸೆಯಲ್ಲಿ ನೀರು ತರುತ್ತಿದ್ದೆ. ಹೆಂಗಸರು ಕೊಡ ಎತ್ತುತ್ತ, ‘ಬಂತು ನೋಡೇ ಸರ್ಕಾರಿ ಕಾಗೆ’ ಎನ್ನುತ್ತಿದ್ದರು. ಇನ್ನೊಬ್ಬಳು, ‘ಕಾಗೆ ಆದ್ರೂ ಕೂಗ್ತದೆ. ಇದು ಸುಮ್ನೆ ಕೂತ್ಕಂತದೆ’ ಎಂದಳು. ನಗು ಬರುವ ಮಾತೇ. ಆಗ ನಗಲು ಆಗಲಿಲ್ಲ.

ನಾಲ್ಕನೆಯ ದಿನ ಬೀರಮ್ಮ ಎಲ್ಲರ ಎದುರು ನನ್ನ ಮುಂದೆ ಬಂದು ನಿಂತು, ‘ಬೆನ್ನಿಗೆ ಚೂರಿ ಹಾಕಿದವ ಮತ್ತೆ ಯಾವ ಮುಖ ಹೊತ್ಕಂಡು ಬಂದು ಕೂತ್ಕಂತ್ರಿ?’ ಎಂದಳು. ನನ್ನ ತಾಳ್ಮೆ ಹರಿಯಿತು. ಎದ್ದು ನಿಂತೆ, ಬಾಯಿ ತೆರೆದೆ. ಬಾವಿಯ ಆಚೆ ತಿಮ್ಮಣ್ಣ ನಿಂತಿದ್ದ. ನನಗೆ ಗೊತ್ತಾಗಿದೆ ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಕೈ ಮುಗಿಯಲೂ ಧೈರ್ಯವಿಲ್ಲದೆ ನಿಂತಿದ್ದ. ನಾಲಿಗೆಯ ತುದಿಗೆ ಬಂದ ಹೆಸರನ್ನು ನುಂಗಿ ಕೂತೆ. ಹುಡುಗರೇ, ನನ್ನ ನೌಕರಿಯಲ್ಲಿ ನಾನು ಮಾಡಿದ ಅತ್ಯಂತ ಕಷ್ಟದ ಕೆಲಸ ಅದು. ಈಗ ಹೇಳುವಾಗಲೂ ಎದೆ ಉಬ್ಬುತ್ತದೆ. ಅಂದು ಮಾತ್ರ ಅಳುವೇ ಬಂದಿತ್ತು.

ಏಳನೆಯ ದಿನ ತಿಮ್ಮಣ್ಣನ ಹೆಂಡತಿ ಗಂಗೆ ಮೂರೂ ಮಕ್ಕಳನ್ನು ಕರೆದುಕೊಂಡು ಮರದ ಬುಡಕ್ಕೆ ಬಂದಳು. ಒಂದು ಸೊಂಟದ ಮೇಲೆ, ಎರಡು ಸೆರಗು ಹಿಡಿದು. ಅತ್ತೂ ಅತ್ತೂ ಕಣ್ಣು ಬಾತಿತ್ತು. ಬಾವಿಕಟ್ಟೆಯ ಮೇಲಿದ್ದ ಹೆಂಗಸರು ಹಗ್ಗ ಬಿಟ್ಟು ನೋಡಿದರು. ಬೀರಮ್ಮನೂ ಇದ್ದಳು.

‘ಗಂಗೇ, ಎಲ್ಲಿಗ್ ಹೋಗ್ತೆ?’ ಎಂದಳು ಬೀರಮ್ಮ, ತಡೆಯುವ ಧ್ವನಿಯಲ್ಲಿ.

ಗಂಗೆ ಅಲ್ಲೇ ನಿಂತಳು. ‘ನದಿಯಾಚೆ ನನ್ನ ತಮ್ಮನ ಕೂಸು ನಿನ್ನೆ ದೇವಿಲಿ ಹೋಯ್ತು ಬೀರಮ್ಮತ್ತೆ. ನನ್ನ ಮಕ್ಕಳ್ನಾದ್ರೂ ಉಳಿಸ್ಕಣ್ತೆ. ಈ ಮನುಷ್ಯ ಕುತ್ರಿ ತೋರ್ಸಲಿಲ್ಲ. ತೋರ್ಸಿದ್ದು ನಮ್ಮನೆಯವ್ರು. ಹೆದರಿ ಹೇಳ್ದ್ರು. ಏಳು ದಿನದಿಂದ ನಮ್ಮನೇಲಿ ಯಾರ ಗಂಟಲಲ್ಲೂ ಅನ್ನ ಇಳೀಲಿಲ್ಲ. ಬೆಂಕಿ ನೀರು ನಿಲ್ಸೂದಾದ್ರೆ ನಿಲ್ಸಿ. ದೇವಿ ಒಂದು ಹಾಕೂಕೆ ಬಿಡಿ.’

ಬೀರಮ್ಮ ನಿಧಾನವಾಗಿ ನನ್ನ ಹತ್ತಿರ ಬಂದಳು.

‘ನಿಮಗೆ ಗೊತ್ತಿತ್ತಾ?’

‘ಗೊತ್ತಿತ್ತು.’

‘ಅಷ್ಟು ಬೈದ್ರೂ ಬಾಯಿ ಬಿಡ್ಲಿಲ್ಲ. ಯಾಕೆ?’

‘ಅವರ ಮನೆ ಮಾತು ನಿಮಗೆ ಹೇಳಿದ್ರೆ, ನಿಮ್ಮ ಮನೆ ಮಾತು ಇನ್ಯಾರಿಗೋ ಹೇಳೂದಿಲ್ಲ ಅಂತ ನೀವು ನಂಬೂದು ಹೆಂಗೆ ಅಮ್ಮಾ?’

ಬೀರಮ್ಮ ನನ್ನನ್ನು ನೋಡಿದಳು, ಗಂಗೆಯನ್ನು ನೋಡಿದಳು. ಅವಳ ಹಂಡೆ ಹೋಗಿತ್ತು, ಮಗ ಜೈಲಿನಲ್ಲಿದ್ದ. ಬಹಿಷ್ಕಾರ ಹಾಕುವುದೂ ಬಿಡುವುದೂ ಆ ಕ್ಷಣ ಅವಳೊಬ್ಬಳ ಕೈಯಲ್ಲಿತ್ತು, ಉಳಿದ ಹೆಂಗಸರೆಲ್ಲ ಅವಳ ಮುಖವನ್ನೇ ನೋಡುತ್ತಿದ್ದರು. ಗಂಗೆಯ ಸೊಂಟದ ಮೇಲಿದ್ದ ಕೂಸು ಬಿಸಿಲಿಗೆ ಕಿರಿಕಿರಿ ಮಾಡತೊಡಗಿತು.

ಬೀರಮ್ಮ ತಿರುಗಿ ಬಾವಿಗೆ ಹೋದಳು. ಕೊಡ ಇಳಿಸಿ ನೀರು ಸೇದಿದಳು. ತುಂಬಿದ ಕೊಡ ತಂದು ನನ್ನ ಮುಂದೆ ಇಟ್ಟು, ಗಂಗೆಯ ಕೂಸನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ತಾನೇ ಅದರ ತೋಳು ತೊಳೆದಳು.

‘ಹಾಕಿ ಡಾಕ್ಟ್ರೇ. ನಾನು ಗಟ್ಟಿ ಹಿಡ್ಕಂಡಿದ್ದೆ’ ಎಂದಳು. ಆಮೇಲೆ ಬಾವಿಕಟ್ಟೆಯ ಕಡೆ ತಿರುಗಿ ಗದರಿದಳು: ‘ಎಂತಾ ನೋಡ್ತ್ರಿ ಕಣ್ಣು ಬಿಟ್ಕಂಡು? ನಿಮ್ಮನೇಲಿ ಮಕ್ಕಳಿಲ್ವಾ?’